ಗುರುತು ಹಿಡಿಯದ ಅತ್ತೆ

"ನಾನು ಸಹಿ ಹಾಕಲ್ಲ."

ಅತ್ತೆ ಹೇಳಿದ್ದು ಅಷ್ಟೇ. ಹೇಳುವಾಗ ತಲೆಯೆತ್ತಲೂ ಇಲ್ಲ. ಮುಂದಿದ್ದ ಮರದ ತಲೆಗೆ ಬಿಗಿದ ತೆಳು ಬಲೆಯ ಕಣ್ಣೊಳಗೆ ಕೊಕ್ಕೆಸೂಜಿಯಿಂದ ಇನ್ನೊಂದು ಎಳೆ ಕೂದಲು ಎಳೆದು ಗಂಟು ಹಾಕಿದರು. ಒಪ್ಪಿಗೆ ಪತ್ರ ಚಾಚಿ ನಿಂತ ಸೊಸೆಯ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ನಾದಿನಿ, ಮುಂದೇನಾಗುತ್ತದೋ ನೋಡುವ ಆಸೆಗೆ ಚಹಾ ಆರುತ್ತಿರುವುದನ್ನೂ ಮರೆತಳು.

"ಹೋದ ತಿಂಗಳು ಹಾಕ್ತೀನಿ ಅಂದಿದ್ರಲ್ಲ ಅತ್ತೆ?"

"ಹೋದ ತಿಂಗಳು ಅಂದಿದ್ದೆ. ಈಗ ಇಲ್ಲ."

"ಯಾಕೆ ಅಂತನಾದ್ರೂ ಹೇಳಿ. ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನಂಗೆ ಕೆಲಸ ಇದೆ."

ಆ ಮನೆಯ ಕಸುಬು ವಿಗ್ ಕಟ್ಟುವುದು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಗಳಲ್ಲಿ ಸಂಸಾರ. ಮಾವ ತೀರಿಕೊಂಡ ಮೇಲೆ ಯಜಮಾನಿಕೆ ಅತ್ತೆಯದು. ಮಗ ಊರೂರು ತಿರುಗಿ ಕೂದಲು ತರುತ್ತಾನೆ. ಸೊಸೆ ಮತ್ತು ನಾದಿನಿ ಅದನ್ನು ತೊಳೆದು, ಹಿಕ್ಕಿ, ಬೇರುಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿ ಬಲೆಗೆ ಕಟ್ಟುತ್ತಾರೆ. ಆದರೆ ಯಾರ ತಲೆಗೆ ಕಟ್ಟುತ್ತಿದ್ದೇವೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಮರದ ತಲೆಯ ಮೇಲೆ ಅಳತೆ ಇರುತ್ತದೆ, ಹೆಸರಿರುವುದಿಲ್ಲ. ಅಳತೆ ತೆಗೆಯುವುದೂ ಕೊನೆಗೆ ತಲೆಗೆ ಕೂರಿಸುವುದೂ ಅತ್ತೆ ಒಬ್ಬರೇ. ಅದಕ್ಕೆ ಪಕ್ಕದ ಓಣಿಗೆ ಬಾಗಿಲಿರುವ ಒಂದು ಪುಟ್ಟ ಕೋಣೆ ಬೇರೆ ಇದೆ. ಆಮೇಲೆ ಆ ಗಿರಾಕಿ ಬೀದಿಯಲ್ಲಿ ಎದುರಾದರೆ ಕಣ್ಣು ಕೆಳಗೆ ಹಾಕಿ, ಗುರುತೇ ಇಲ್ಲದವರಂತೆ ದಾಟಿಹೋಗಬೇಕು. ಅದು ಆ ಕಸುಬಿನವರು ಗಿರಾಕಿಗೆ ಕೊಡುವ ಮರ್ಯಾದೆ.

ಸೊಸೆಯ ಮನಸ್ಸು ಕೂತದ್ದು ಈ ಮರ್ಯಾದೆಯ ಮೇಲೆಯೇ. ಮದುವೆಗೆ ಮುಂಚೆ ಮಾನವಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಳು. ಓದು ನಿಂತುಹೋದ ಸಂಕಟವನ್ನು ಯಾರ ಮುಂದೂ ತೋಡಿಕೊಳ್ಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವಳು, ಕಡೆಗೊಂದು ದಿನ ಗಂಡನ ಹತ್ತಿರ ಬಾಯಿಬಿಟ್ಟು, ಪಿಎಚ್.ಡಿ.ಗೆ ಅರ್ಜಿ ಹಾಕಿದಳು. ವಿಗ್ ಕಟ್ಟುವವರು ಗಿರಾಕಿಗಳ ಗುಟ್ಟನ್ನು ಹೇಗೆ ಕಾಯುತ್ತಾರೆ ಎಂಬುದೇ ವಿಷಯ. ಜನರ ನಡುವೆ ಬಾಳಿ ಅವರ ಬಾಳನ್ನು ತಿಳಿಯಬೇಕು ಎಂದು ಅವಳು ವಿವರಿಸಿದಾಗ ಗಂಡ ನಕ್ಕಿದ್ದ. "ನೀನು ಇಲ್ಲಿ ಬಾಳ್ತಾನೇ ಇದ್ದೀಯಲ್ಲ. ಅರ್ಧ ಪಿಎಚ್.ಡಿ. ಮುಗೀತು ಬಿಡು." ಅತ್ತೆಯೂ ಅಂದು ನಕ್ಕಿದ್ದರು. ಮನೆಯವರ ಲಿಖಿತ ಒಪ್ಪಿಗೆ ಬೇಕು, ವಿಗ್ ಕೂರಿಸುವಾಗ ಸಂಶೋಧಕಿ ಜೊತೆಗಿರಬಹುದು ಎಂದು ಯಜಮಾನಿ ಸಹಿ ಹಾಕಬೇಕು, ಅದಿಲ್ಲದಿದ್ದರೆ ಸಂದರ್ಶನದಲ್ಲಿ ಸೀಟು ಸಿಗುವುದು ಕಷ್ಟ ಎಂದು ಸೊಸೆ ಹೇಳಿದಾಗ, "ಬಂದವರು ಬೇಡ ಅಂದ್ರೆ ಎದ್ದು ಹೊರಗೆ ಬರ್ಬೇಕು, ಅಷ್ಟೇ" ಎಂದು ಒಪ್ಪಿದ್ದರು.

ಎಲ್ಲ ಕೆಟ್ಟದ್ದು ಪೇಟೆ ಬೀದಿಯಲ್ಲಿ. ಅಂದು ಸೊಸೆ ತನ್ನ ಮಾರ್ಗದರ್ಶಕಿಯಾಗಲಿದ್ದ ಪ್ರಾಧ್ಯಾಪಕಿಯ ಜೊತೆ ಪುಸ್ತಕದಂಗಡಿಯಿಂದ ಹೊರಬರುತ್ತಿದ್ದಳು. ಮೇಡಂ ಎಂದರೆ ಅವಳಿಗೆ ಪ್ರಾಣ. ತೆಳ್ಳಗಿನ, ಗಟ್ಟಿ ದನಿಯ ಹೆಂಗಸು, ಭುಜದವರೆಗೆ ಇಳಿದ ದಟ್ಟ ಕೂದಲು. ಎದುರಿಗೆ ಅತ್ತೆ ಬರುತ್ತಿದ್ದರು. ಸೊಸೆ ಸಂಭ್ರಮದಿಂದ, "ಅತ್ತೆ, ಇವರೇ ನಮ್ಮ ಮೇಡಂ" ಎಂದಳು. ಅತ್ತೆ ನಿಲ್ಲಲಿಲ್ಲ, ನಗಲಿಲ್ಲ. ಗೋಡೆಯ ಪಕ್ಕ ಸರಿದು, ಸೊಸೆಯೂ ತನಗೆ ಯಾರೋ ಎಂಬಂತೆ ಹೊರಟುಹೋದರು. ಮೇಡಂ ಮುಖ ಒಂದು ಗಳಿಗೆ ಬಿಳಚಿಕೊಂಡಿತು. "ಬಿಡು, ಅವಸರದಲ್ಲಿದ್ರೇನೋ" ಎಂದರು.

ಸೊಸೆ ನಾಚಿಕೆಯಿಂದ ಕುಗ್ಗಿಹೋದಳು. ಬೀದಿಯಲ್ಲಿ ಗುರುತು ಹಿಡಿಯದಿರುವ ಪದ್ಧತಿಯ ಬಗ್ಗೆ ಪ್ರಸ್ತಾವನೆಯಲ್ಲಿ ಪುಟಗಟ್ಟಲೆ ಬರೆದ ಜಾಣೆ ಅವಳು. ಅದೇ ಪದ್ಧತಿ ತನ್ನ ಕಣ್ಣ ಮುಂದೆ ನಡೆದಾಗ ಅವಳಿಗೆ ಕಂಡದ್ದು ಬರೀ ಅತ್ತೆಯ ಸೊಕ್ಕು. ಓದಿದವರಿಗೂ ಅತ್ತೆ ಎಂದರೆ ಅತ್ತೆಯೇ ಅಲ್ಲವೇ!

ಅಲ್ಲಿಂದ ಮನೆಯ ಗಾಳಿಯೇ ಬದಲಾಯಿತು. ಸೊಸೆ ಓದಲು ಕೂತರೆ ಅತ್ತೆ ಏನಾದರೂ ನೆಪ ಮಾಡಿಕೊಂಡು ಬಂದು ಹೋಗುತ್ತಿದ್ದರು. ಪುಟ್ಟ ಕೋಣೆಗೆ ಬೀಗ ಬಿತ್ತು. "ಇವತ್ತು ಮೇಡಂ ಏನಂದ್ರು? ನಮ್ಮ ಮನೆ ವಿಷಯ ಏನಾದ್ರೂ ಬಂತಾ?" ಎಂದು ಕೆದಕುತ್ತಿದ್ದರು. ಇತ್ತ ಮೇಡಂ ಕೂಡ ಮೊದಲಿನಂತಿರಲಿಲ್ಲ. "ಬೇರೆ ಮನೆ ಸಿಗಲ್ವಾ ನೋಡು" ಎಂದರು ಒಮ್ಮೆ. ಆ ಊರಲ್ಲಿ ಆ ಕಸುಬಿನ ಮನೆ ಇನ್ನೊಂದಿರಲಿಲ್ಲ. ಅರ್ಜಿ ಒಳಗೆ ಹೋದ ಮೇಲೆ ವಿಷಯ ಬದಲಿಸಲೂ ಬರುತ್ತಿರಲಿಲ್ಲ. ಅದು ಮೇಡಂಗೂ ಗೊತ್ತು. ಹಾಗಿದ್ದೂ ಹೀಗೆ ಯಾಕೆ ಅಂದರು? ಅವರ ಕಿವಿ ಯಾರು ಕಚ್ಚಿದರು?

ಅದಕ್ಕೆ ಉತ್ತರ ತಂದವಳು ನಾದಿನಿ.

"ಅತ್ತಿಗೆ, ಹೇಳ್ಬಾರದು ಅಂತಿದ್ದೆ. ನೀವೇ ಒಮ್ಮೆ ತೋರಿಸಿದ್ರಲ್ಲ ನಿಮ್ಮ ಮೇಡಂ ಮನೆ, ಅದರ ಗೇಟಿಂದ ಅಮ್ಮ ಹೊರಗೆ ಬರೋದನ್ನ ಕಣ್ಣಾರೆ ನೋಡ್ದೆ."

"ಸುಮ್ನಿರು. ಅತ್ತೆಗೆ ಅವರ ಮನೆ ಎಲ್ಲಿ ಗೊತ್ತು?"

"ಅದೇ ನಂಗೂ ಆಶ್ಚರ್ಯ. ಕೈಯಲ್ಲಿ ಚೀಲ ಬೇರೆ. ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು."

ಸೊಸೆಯ ಮನಸ್ಸಿನಲ್ಲಿ ಒಂದೊಂದೇ ಎಳೆ ಸೇರಿ ಗಂಟಾಯಿತು. ಬೀದಿಯ ಅವಮಾನ, ಸಹಿಯ ನಿರಾಕರಣೆ, ಮೇಡಂ ಹಿಂಜರಿಕೆ... ಎಲ್ಲಕ್ಕೂ ಮೂಲ ಒಂದೇ. ಅತ್ತೆ ಮೇಡಂ ಮನೆಗೇ ಹೋಗಿ ತನ್ನ ಓದಿಗೆ ಕಲ್ಲು ಹಾಕುತ್ತಿದ್ದಾರೆ.

ರಾತ್ರಿ ಊಟದ ಮೇಜಿನ ಮುಂದೆ, ಅವಳಿಂದ ವಿಷಯ ತಿಳಿದಿದ್ದ ಗಂಡನೇ ಕೇಳಿದ. "ಅಮ್ಮ, ಮೇಡಂ ಮನೆಗೆ ಹೋಗಿದ್ದೆಯಾ?"

ಅತ್ತೆ ಮಗಳ ಕಡೆ ನೋಡಿದರು. ಮಗಳು ತಟ್ಟೆ ನೋಡಿದಳು.

"ಹೋಗಿದ್ದೆ."

"ಯಾಕೆ?"

ಅತ್ತೆ ಅನ್ನಕ್ಕೆ ಸಾರು ಕಲಸಿದರು.

"ಇವಳ ಬಗ್ಗೆ ಏನು ಹೇಳಿದೆ ಅಲ್ಲಿ? ಹೇಳಮ್ಮ. ಇವಳು ಓದಿ ನಿನಗಿಂತ ದೊಡ್ಡವಳಾಗಿಬಿಡ್ತಾಳೆ ಅಂತ ಭಯಾನಾ?"

"ನಿಂಗೆ ಏನು ತಿಳ್ಕೋಬೇಕು ಅನ್ಸುತ್ತೋ ತಿಳ್ಕೋ."

"ತಿಳ್ಕೊಂಡಾಯ್ತು. ಹೆತ್ತ ತಾಯಿ ಅಂತ ಇಷ್ಟು ದಿನ ಸುಮ್ನಿದ್ದೆ. ಇವಳಿಗೆ ಈ ಸೀಟು ತಪ್ಪಿದ್ರೆ ನಾವಿಬ್ರೂ ಈ ಮನೇಲಿ ಇರಲ್ಲ."

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೇ ಮರಳಿತು. ಒಂದು ಮಾತು ಆಡಿದ್ದರೆ ಸಾಕಿತ್ತು, ಮಗನ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಆ ಮಾತನ್ನು ಅವರು ನುಂಗಿಕೊಂಡು ಎದ್ದುಹೋದರು. ಸೊಸೆಗೆ ಅಯ್ಯೋ ಎನಿಸಲಿಲ್ಲ. ತಪ್ಪು ಮಾಡಿದವರ ಮೌನ ಹೀಗೇ ಇರುತ್ತದೆ ಎಂದುಕೊಂಡಳು.

ಸಂದರ್ಶನಕ್ಕೆ ಕೆಲವೇ ದಿನ ಇರುವಾಗ ಅತ್ತೆ ಮತ್ತೆ ಚೀಲ ಹಿಡಿದು ಹೊರಟರು. ಸೊಸೆ ಅಂತರ ಬಿಟ್ಟು ಹಿಂಬಾಲಿಸಿದಳು. ಹೀಗೆ ಕಳ್ಳಹೆಜ್ಜೆ ಇಡುವುದು ತನ್ನ ಶಾಸ್ತ್ರದಲ್ಲಿ ಸಲ್ಲದು ಎಂಬ ನೆನಪು ಬಂದರೂ ಕಾಲು ನಿಲ್ಲಲಿಲ್ಲ. ಅತ್ತೆ ನೇರವಾಗಿ ಮೇಡಂ ಮನೆಯ ಗೇಟು ತೆರೆದು ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಇಬ್ಬರನ್ನೂ ಮುಖಾಮುಖಿ ಕೇಳಿಯೇಬಿಡುತ್ತೇನೆ ಎಂದು ಸೊಸೆ ಅದನ್ನು ತಳ್ಳಿದಳು.

ಕಿಟಕಿಯ ಬೆಳಕಿನಲ್ಲಿ ಮೇಡಂ ಕುರ್ಚಿಯ ಮೇಲೆ ಕೂತಿದ್ದರು. ತಲೆಯ ಮೇಲೆ ಒಂದೆಳೆ ಕೂದಲಿಲ್ಲ. ಅತ್ತೆ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಎಳೆಗೂಸಿನ ತಲೆ ಒರೆಸುವಂತೆ ಮೆಲ್ಲಗೆ ಒರೆಸುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಆ ದಟ್ಟ ಕೂದಲು ಇತ್ತು. ಹಣೆಯ ಅಂಚಿಗೆ ಹಾಕಿದ ಒಂಟಿ ಗಂಟುಗಳ ಸಾಲನ್ನು ಸೊಸೆ ಕಂಡಕೂಡಲೇ ಗುರುತಿಸಿದಳು. ಅವನ್ನು ಹಾಕಿದವಳು ಅವಳೇ.

"ಹೊರಗೆ ಹೋಗು" ಎಂದರು ಅತ್ತೆ. ಎರಡೂ ಕೈಯಿಂದ ಮೇಡಂ ತಲೆಯನ್ನು ಮುಚ್ಚಿಕೊಂಡಿದ್ದರು.

"ಬಿಡಿ, ನೋಡಿಯಾಯ್ತಲ್ಲ" ಎಂದರು ಮೇಡಂ. "ಬಾಗಿಲು ಹಾಕ್ಕೊಂಡು ಒಳಗೆ ಬಾ."

ಕಾಯಿಲೆ ಮೈಯೆಲ್ಲ ಹಬ್ಬಿದೆ ಎಂದು ಅವರು ಪಾಠ ಹೇಳುವ ದನಿಯಲ್ಲೇ ಹೇಳಿದರು. "ವಿಭಾಗದಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನವೇ ವಿಶ್ರಾಂತಿ ತಗೊಳ್ಳಿ ಅಂತ ಪ್ರೀತಿಯಿಂದ ಮನೆಗೆ ಕಳಿಸ್ತಾರೆ. ಪಾಠ ಮಾಡೋ ಹೊತ್ತಲ್ಲಿ ಮಾತ್ರ ನಂಗೆ ಇದೆಲ್ಲ ಮರೆತು ಹೋಗುತ್ತೆ. ಕೈಲಾಗೋವರೆಗೂ ಅಲ್ಲೇ ಇರ್ಬೇಕು ಅಂತ ಆಸೆ. ನಿನ್ನ ಅರ್ಜಿ ನೋಡಿದಾಗಲೇ ಬೇಡ ಅನ್ನಬೇಕಿತ್ತು. ಅಷ್ಟು ಚೆನ್ನಾಗಿ ಬರೆದಿದ್ದೆ... ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಸೊಸೆ ಅತ್ತೆಯ ಕಡೆ ತಿರುಗಿದಳು. "ಇವರೊಬ್ಬರನ್ನ ಬಿಟ್ಟು ಸಹಿ ಹಾಕಬಹುದಿತ್ತಲ್ಲ ಅತ್ತೆ?"

"ಒಬ್ಬರನ್ನ ಬಿಟ್ರೆ ಆ ಒಬ್ಬರು ಯಾರು ಅಂತ ನೀನು ಹುಡುಕ್ತಿದ್ದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ? ನಿನ್ನ ಮೇಡಂ ಇವರೇ ಅಂತ ಅವತ್ತು ಬೀದೀಲೇ ನಂಗೆ ಗೊತ್ತಾಗಿದ್ದು. ಹೊಸಬರ ಹತ್ರ ಮಾತಾಡೋ ಹಾಗೆ ಎರಡು ಮಾತಾಡಿದ್ರೆ ಮುಗೀತಿತ್ತು. ಅಭ್ಯಾಸ, ಕಣ್ಣು ತಾನಾಗೇ ಕೆಳಗೆ ಹೋಯ್ತು. ನನ್ನ ತಪ್ಪಿಂದಲೇ ಇಷ್ಟೆಲ್ಲ ಆಗಿದ್ದು."

"ನಿಮ್ಮ ಮಗ ಅಷ್ಟು ಅಂದಾಗಲೂ ಯಾಕೆ ಸುಮ್ನಿದ್ರಿ?"

"ಅದು ನನ್ನ ಗುಟ್ಟಲ್ವಲ್ಲ, ಹೇಳೋಕೆ."

ಸೊಸೆ ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟಳು. ಮನೆ ಒಡೆಯುವವರೆಗೂ ಬಂದರೂ ತುಟಿ ಬಿಚ್ಚದ ಆ ಹೆಂಗಸನ್ನು ತಾನು ಏನೇನೆಲ್ಲ ಅಂದುಕೊಂಡೆ! ಅತ್ತೆ ಅವಳನ್ನು ಸಮಾಧಾನ ಮಾಡಲಿಲ್ಲ. ಅಳು ಇಳಿದ ಮೇಲೆ, "ನೀನು ನಿನ್ನ ಗಂಡನಿಗೆ ಹೇಳಲ್ಲ ಅಂತ ನಾನು ಹೇಗೆ ನಂಬ್ಲಿ?" ಎಂದಷ್ಟೇ ಕೇಳಿದರು.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು. ಅದರಾಚೆ ಸಮಿತಿಯವರು, ಕೊನೆಯಲ್ಲಿ ಮೇಡಂ. ಕೂದಲು ನೀಟಾಗಿ ಕೂತಿತ್ತು. ಪ್ರಶ್ನೆಗಳಿಗೆಲ್ಲ ಸೊಸೆ ನಿರರ್ಗಳವಾಗಿ ಉತ್ತರಿಸಿದಳು. ಆಮೇಲೆ ವಿಭಾಗದ ಮುಖ್ಯಸ್ಥರು ಕಡತ ತಿರುವಿದರು.

"ಪ್ರಸ್ತಾವನೆ ತುಂಬಾ ಚೆನ್ನಾಗಿದೆ. ಆದ್ರೆ ಒಪ್ಪಿಗೆ ಪತ್ರ ಇಲ್ಲ. ನಿಮ್ಮ ಸ್ವಂತ ಮನೆಯವರೇ ಯಾಕೆ ಒಪ್ಪಲಿಲ್ಲ? ಕಾರಣ ಸರಿಯಾಗಿದ್ರೆ ನಾವು ಯೋಚನೆ ಮಾಡಬಹುದು."

ಕಾರಣ ಅದೇ ಮೇಜಿನ ಕೊನೆಯಲ್ಲಿ ಕೂತಿತ್ತು. ಸೊಸೆ ಆ ಕಡೆ ನೋಡಲಿಲ್ಲ. ಮೇಡಂ ಗಂಟಲು ಸರಿಮಾಡಿಕೊಂಡು, "ನಾನೊಂದು ಮಾತು..." ಎಂದು ಶುರುಮಾಡಿದರು. ಅವರು ಹೇಳಿಬಿಡುತ್ತಾರೆಂಬ ಭಯಕ್ಕೆ ಸೊಸೆ ಅವಸರವಾಗಿ ನಡುವೆ ಬಾಯಿಹಾಕಿದಳು.

"ಕಾರಣ ಹೇಳೋಕೆ ಆಗಲ್ಲ ಸರ್."

"ಆಗಲ್ಲ ಅಂದ್ರೆ? ಗೊತ್ತಿಲ್ವಾ?"

"ಗೊತ್ತಿದೆ. ಹೇಳೋಕೆ ಆಗಲ್ಲ."

ಮುಖ್ಯಸ್ಥರ ಹುಬ್ಬು ಗಂಟಿಕ್ಕಿತು. ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂಬ ಅನುಮಾನ ಮೇಜಿನುದ್ದಕ್ಕೂ ಮುಖದಿಂದ ಮುಖಕ್ಕೆ ದಾಟಿತು. ಕಡತ ಮುಚ್ಚಿತು. ಸೀಟು ಬೇರೆಯವರ ಪಾಲಾಯಿತು.

ಮನೆಯಲ್ಲಿ ಗಂಡ ಕುದಿಯುತ್ತಿದ್ದ. ಸಾಮಾನು ಕಟ್ಟೋಣ ಎಂದು ಎದ್ದವನನ್ನು ಸೊಸೆಯೇ ತಡೆದಳು. "ಅತ್ತೆ ತಪ್ಪೇನಿಲ್ಲ. ನಾನೇ ಉತ್ತರ ಸರಿಯಾಗಿ ಹೇಳಲಿಲ್ಲ." ಅವನು ಅವಳ ಮುಖ ನೋಡಿದ, ತಾಯಿಯ ಮುಖ ನೋಡಿದ. "ಮೊನ್ನೆ ಮೊನ್ನೆವರೆಗೂ ಅಮ್ಮ ಕಲ್ಲು ಹಾಕ್ತಿದ್ದಾಳೆ ಅಂತಿದ್ದವಳು ನೀನೇ. ಇಬ್ರೂ ಸೇರಿ ನನ್ನಿಂದ ಏನೋ ಮುಚ್ಚಿಡ್ತಿದ್ದೀರಿ" ಎಂದ. ಅವನು ಸಾಮಾನು ಕಟ್ಟಲಿಲ್ಲ, ಆದರೆ ಎಷ್ಟೋ ದಿನ ಹೆಂಡತಿಯ ಜೊತೆ ಮನಬಿಚ್ಚಿ ನಗಲೂ ಇಲ್ಲ. ಸೊಸೆ ಅದನ್ನೂ ಸಹಿಸಿಕೊಂಡಳು. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಇವಳು ಇಂದಲ್ಲ ನಾಳೆ ಹೇಳಿಯೇ ಹೇಳುತ್ತಾಳೆ ಎಂಬ ಶಂಕೆ ಅವರ ಕಣ್ಣಿಂದ ಹೋಗಿರಲಿಲ್ಲ.

ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಫೋನು ಹಿಡಿದು ಕೆಲಸದ ಕೋಣೆಗೆ ಬಂದ ಗಂಡ, "ನಿಮ್ಮ ಮೇಡಂ ಹೋಗಿಬಿಟ್ರಂತೆ" ಎಂದ. "ತುಂಬಾ ದಿನದಿಂದ ಕಾಯಿಲೆಯಂತೆ. ಮೊನ್ನೆವರೆಗೂ ಪಾಠ ಮಾಡಿದ್ರಂತೆ, ಒಬ್ರಿಗೂ ಗೊತ್ತಾಗಲಿಲ್ವಂತೆ. ನಿಂಗೆ ಗೊತ್ತಿತ್ತಾ?"

ಅತ್ತೆಯ ಸೂಜಿ ನಿಂತಿತು.

"ಇಲ್ಲ" ಎಂದಳು ಸೊಸೆ. ಕಣ್ಣಿಂದ ನೀರು ಸುರಿಯುತ್ತಿತ್ತು.

ಅವನು ಅವಳ ಹೆಗಲು ತಟ್ಟಿ ಹೊರಗೆ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು.

"ಈಗ ಹೇಳಬಹುದಲ್ಲ" ಎಂದರು ಅತ್ತೆ. "ಅವರೇ ಇಲ್ಲ. ಆ ಮುಖ್ಯಸ್ಥರ ಹತ್ರ ಹೋಗಿ ಹೇಳು. ಅಯ್ಯೋ ಪಾಪ ಅಂತ ಸೀಟು ಕೊಟ್ರೂ ಕೊಟ್ಟಾರು."

"ಹೇಳು ಅಂತ ಅವರು ಹೇಳಿ ಹೋಗ್ಲಿಲ್ವಲ್ಲ ಅತ್ತೆ."

ಅತ್ತೆ ಸೂಜಿ ಕೆಳಗಿಟ್ಟು, ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾಗಿ ಬಂದ ಮೇಲೆ ಸೊಸೆ ಅವರ ಅಳು ಕೇಳಿದ್ದು ಅದೇ ಮೊದಲು.

"ಬರೋ ವರ್ಷ ಇನ್ನೊಂದು ಅರ್ಜಿ ಹಾಕು" ಎಂದರು, ಮೂಗು ಒರೆಸಿಕೊಂಡು.

"ಯಾವ ವಿಷಯ ಅಂತ ಹಾಕ್ಲಿ ಅತ್ತೆ? ಇಲ್ಲಿರೋದೆಲ್ಲ ಬೇರೆಯವರ ಗುಟ್ಟು."

"ನನ್ನೊಬ್ಬಳದ್ದು ಬರಿ. ಚಿಕ್ಕವಳಿದ್ದಾಗ ಈ ಮನೆಗೆ ಬಂದೆ. ಇಷ್ಟು ವರ್ಷ ಎಲ್ಲರ ಮಾತನ್ನೂ ಬಾಯಲ್ಲಿಟ್ಕೊಂಡು ಕೂತಿದ್ದೀನಲ್ಲ, ಅದು ಹೇಗಿರುತ್ತೆ ಅಂತ ನನ್ನನ್ನ ಯಾರೂ ಕೇಳಿಲ್ಲ. ನನ್ನ ಕಥೆಗೆ ನಾನು ಸಹಿ ಹಾಕಿದ್ರೆ ಸಾಕು, ಇನ್ಯಾರನ್ನೂ ಕೇಳ್ಬೇಕಾಗಿಲ್ಲ."