ಬರೆಯದೆ ಬಿಟ್ಟ ಆರುನೂರು

"ಆ ಕಾಲಂ ಮುಟ್ಟಬೇಡ," ಎಂದರು ಆಯಿಷಮ್ಮ. ಚಾಪೆಯ ಮೇಲಿದ್ದ ಫಾರ್ಮನ್ನು ಅವರ ಅಂಗೈ ಮುಚ್ಚಿತು. ಸೊಸೆ ನಶೀದಾಳ ಪೆನ್ನು ಅರ್ಧದಲ್ಲೇ ನಿಂತಿತು. "ನನ್ನ ಮಗನ ಸಂಬಳ ಬರೆದಾಯಿತಲ್ಲ, ಸಾಕು. ಈ ಮನೆಯ ಹೆಂಗಸು ರೊಟ್ಟಿ ಮಾರುತ್ತಾಳೆ ಅಂತ ಕಾಗದದಲ್ಲಿ ಬರೆದು ದೋಹಾಕ್ಕೆಲ್ಲ ಹಂಚುವುದು ಬೇಡ."

ಫಾರ್ಮು ದೋಹಾದ ನಮ್ಮ ಕರಾವಳಿ ಸಂಘದ್ದು, ವರ್ಷಕ್ಕೊಮ್ಮೆ ತುಂಬಿಸಿ ಕೊಡುವಂಥದ್ದು. ತಿಂಗಳಿಗೆ ಎರಡೂವರೆ ಸಾವಿರ ರಿಯಾಲಿಗಿಂತ ಕಡಿಮೆ ಆದಾಯವಿದ್ದ ಹತ್ತು ಮನೆಗಳಿಗೆ ಸಂಘ ಮಕ್ಕಳ ಶಾಲೆಯ ಫೀಸಿಗೆಂದು ತಿಂಗಳಿಗೆ ನೂರೈವತ್ತು ಕೊಡುತ್ತಿತ್ತು. ಆದಾಯ ಹೆಚ್ಚಿದರೆ ತಿಂಗಳೊಳಗೆ ತಿಳಿಸಬೇಕು, ತಿಳಿಸದೆ ಪಡೆದದ್ದನ್ನು ವಾಪಸ್ ಕೊಡಬೇಕು ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ನಶೀದಾಳ ಗಂಡ ಫವಾಝ್ ಸ್ಟೋರ್ ಕೀಪರ್. ಸಂಬಳ ಎರಡು ಸಾವಿರದ ಇನ್ನೂರು. ಮಗಳು ಶಹನಾಳ ಹೆಸರಲ್ಲಿ ಸಹಾಯ ಬರುತ್ತಿತ್ತು. ಆದರೆ ಒಂದು ವರ್ಷದಿಂದ ನಶೀದಾ ದಿನಾ ಬೆಳಿಗ್ಗೆ ನೂರಿಪ್ಪತ್ತು ಅಕ್ಕಿರೊಟ್ಟಿ ಮಾಡಿ ದೋಹಾ ಅಲ್ ಜದೀದಾ ಬಡಾವಣೆಯ ಬ್ಯಾಚುಲರ್ ರೂಮುಗಳಿಗೆ ಕಳಿಸುತ್ತಿದ್ದಳು. ಅಕ್ಕಿ, ಗ್ಯಾಸು ಕಳೆದು ತಿಂಗಳಿಗೆ ಆರುನೂರು ಉಳಿಯುತ್ತಿತ್ತು. ಅದನ್ನು ಆದಾಯ ಎಂದು ಆ ಮನೆಯಲ್ಲಿ ಯಾರೂ ಅಂದುಕೊಂಡಿರಲೇ ಇಲ್ಲ. ನಮ್ಮ ಜನ ಹಾಗೆಯೇ ನೋಡಿ. ಗಂಡಸಿನ ಕೈಗೆ ಬಂದರೆ ಸಂಬಳ, ಹೆಂಗಸಿನ ಕೈಗೆ ಬಂದರೆ ಕೈಖರ್ಚು. ಆ ಕೈಖರ್ಚಿನಲ್ಲೇ ಶಹನಾಳ ಪುಸ್ತಕ ಬರುತ್ತಿತ್ತು, ಆಯಿಷಮ್ಮನವರ ಬಿ.ಪಿ. ಮಾತ್ರೆ ಬರುತ್ತಿತ್ತು. ಆದರೂ ಅದು ಲೆಕ್ಕಕ್ಕಿಲ್ಲವಂತೆ. ನಾನೂ ಇದೇ ಜನದವಳು, ಆದ್ದರಿಂದ ಬೈಯುವ ಹಕ್ಕು ನನಗುಂಟು.

ನಶೀದಾಳ ಕಣ್ಣು ತೆರೆಸಿದ್ದು ಕೆಳಗಿನ ಮನೆಯ ವಸಂತಿ. ಆಕೆಯ ಗಂಡ ಸೀನಪ್ಪನ ಕಂಪನಿ ಮುಚ್ಚಿ ಐದು ತಿಂಗಳಾಗಿತ್ತು. ಮಗಳು ಶರ್ಮಿಳಾ, ಶಹನಾಳದ್ದೇ ಕ್ಲಾಸು, ಎರಡು ವಾರದಿಂದ ಶಾಲೆಗೆ ಹೋಗಿರಲಿಲ್ಲ. ಅಂದು ಬೆಳಿಗ್ಗೆ ಬಂದ ವಸಂತಿ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. "ಸಂಘದಲ್ಲಿ ಕೇಳಿದೆವು ಅಕ್ಕ. ಹತ್ತು ಮನೆ ಭರ್ತಿಯಂತೆ. ಯಾರಾದರೂ ಬಿಟ್ಟರೆ ನಮ್ಮದೇ ಮೊದಲ ಹೆಸರು. ಆದರೆ ಗುರುವಾರದೊಳಗೆ ಬಾಕಿ ಕಟ್ಟದಿದ್ದರೆ ಶಾಲೆಯವರು ಹೆಸರು ತೆಗೆಯುತ್ತಾರೆ..." ವಸಂತಿ ಹೋದ ಮೇಲೆ ನಶೀದಾ ಮೊದಲ ಬಾರಿಗೆ ಆ ಸಣ್ಣಕ್ಷರ ಓದಿದಳು. ಓದಿ ಅಡುಗೆಮನೆಯ ನೆಲದಲ್ಲಿ ಕೂತುಬಿಟ್ಟಳು.

ವಾಪಸ್ ಕೊಡಬೇಕಾದ ಸಹಾಯ ವರ್ಷಕ್ಕೆ ಸಾವಿರದ ಎಂಟುನೂರು ಆಗುತ್ತಿತ್ತು. ಹಾಲಿನ ಪುಡಿಯ ಡಬ್ಬದಲ್ಲಿ ಅವಳು ಕೂಡಿಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ. ಅದು ರಮ್ಜಾನಿಗೆ ಊರಿಗೆ ಹೋಗುವ ಟಿಕೆಟಿನ ದುಡ್ಡು. ಊರಲ್ಲಿ ಅವಳ ಹೆತ್ತ ಉಮ್ಮನಿಗೆ ಲಕ್ವ ಹೊಡೆದಿತ್ತು. ಮೂರು ವರ್ಷವಾಗಿತ್ತು ಮುಖ ನೋಡಿ. ಅವಳ ತಮ್ಮ ಕ್ಯಾಸೆಟ್ಟಿನಲ್ಲಿ ಉಮ್ಮನ ಮಾತು ತುಂಬಿಸಿ ಕಳಿಸುತ್ತಿದ್ದ. ಒಂದೊಂದು ಕ್ಯಾಸೆಟ್ಟಿಗೂ ಮಾತು ಕಡಿಮೆಯಾಗುತ್ತಾ ಬಂತು. ಕೊನೆಯದರಲ್ಲಿ "ನಶೀ... ನಶೀ..." ಅಂತ ಎರಡೇ ಸಲ, ಆಮೇಲೆ ಫ್ಯಾನಿನ ಶಬ್ದ ಮಾತ್ರ.

"ಮುಂದಿನ ತಿಂಗಳಿಂದ ಸಹಾಯ ಬೇಡ ಅಂದುಬಿಡುವ," ಚಾಪೆಯ ಇನ್ನೊಂದು ಬದಿಯಲ್ಲಿ ಕೂತಿದ್ದ ಫವಾಝ್ ಮೆಲ್ಲಗೆ ಹೇಳಿದ. "ಹಿಂದಿನದ್ದು ಖಲಾಸ್. ಯಾರು ಕೇಳುತ್ತಾರೆ?"

"ಯಾರೂ ಕೇಳುವುದಿಲ್ಲ. ಆದರೆ ಶರ್ಮಿಳಾ ಮೆಟ್ಟಿಲ ಮೇಲೆ ಕೂತು ನಮ್ಮ ಶಹನಾಳ ನೋಟ್ಸ್ ಬರೆದುಕೊಳ್ಳುತ್ತಾಳೆ. ಆ ಹುಡುಗಿಯಂಥವರಿಗೆ ಸಿಗಬೇಕಾದದ್ದನ್ನು ಒಂದು ವರ್ಷ ನಾವು ತಿಂದಿದ್ದೇವೆ. ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ."

ಆಯಿಷಮ್ಮನವರು ಚುಚ್ಚಬೇಕಾದ ಜಾಗಕ್ಕೇ ಚುಚ್ಚಿದರು. "ಹಾಗಾದರೆ ನಿನ್ನ ಉಮ್ಮನನ್ನು ನೋಡುವುದು ಬೇಡವಾ ನಿನಗೆ?"

ಕಣ್ಣೀರು ಫಾರ್ಮಿನ ಮೇಲೆ ಬೀಳದಂತೆ ನಶೀದಾ ಮುಖ ಹಿಂದಕ್ಕೆ ತೆಗೆದಳು. "ಬೇಕು ಮಾಮಿ... ಬೇಕು. ಆದರೆ ಈ ದುಡ್ಡಲ್ಲಿ ಹೋದರೆ ಉಮ್ಮನ ಮಗ್ಗುಲಲ್ಲಿ ಕೂತು ನಾನು ಎಂತ ಹೇಳಲಿ?" ಅತ್ತೆಯ ಅಂಗೈಯ ಕೆಳಗಿಂದ ಫಾರ್ಮನ್ನು ಮೆಲ್ಲಗೆ ಎಳೆದುಕೊಂಡಳು. ಗಂಡನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಕೆಲಸ, ರೊಟ್ಟಿ ಮಾಡುವುದು. ತಿಂಗಳಿಗೆ ಆರುನೂರು. ಆಯಿಷಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಗಂಡ ಹೆಂಡತಿ ಇಬ್ಬರೂ ಸಂಘದ ಕಾರ್ಯದರ್ಶಿ ತಾರಾನಾಥನ ವಾಚಿನ ಅಂಗಡಿಗೆ ಹೋದರು. ಫಾರ್ಮು ಓದಿ ತಾರಾನಾಥ ಕನ್ನಡಕ ತೆಗೆದಿಟ್ಟ. "ಆದಾಯ ಜಾಸ್ತಿಯಾಯಿತು ಅಂತ ತಾವಾಗಿ ಬಂದು ಹೇಳಿದವರು ಇದುವರೆಗೆ ಒಬ್ಬರೂ ಇಲ್ಲ ಅಕ್ಕ. ನಿಧಾನಕ್ಕೆ ಕಂತಿನಲ್ಲಿ ಕೊಡಿ, ತೊಂದರೆ ಇಲ್ಲ."

"ಕಂತಿನಲ್ಲಿ ಕೊಟ್ಟರೆ ಗುರುವಾರಕ್ಕೆ ಶರ್ಮಿಳಾಳ ಬಾಕಿ ಕಟ್ಟಲು ಸಂಘದಲ್ಲಿ ದುಡ್ಡುಂಟಾ ತಾರಣ್ಣ?"

ತಾರಾನಾಥ ಇಲ್ಲವೆಂದು ತಲೆಯಾಡಿಸಿದ. ನಶೀದಾ ಡಬ್ಬವನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಪೂರ್ತಿ ಉಂಟು. ಎಲ್ಲಿಂದ ಬಂತು ಅಂತ ವಸಂತಿಗೆ ಹೇಳಬೇಡಿ."

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಫವಾಝ್ ಪೆನ್ನು ತೆಗೆದುಕೊಂಡ. "ಹೋದ ವರ್ಷ ಬರೆದದ್ದು ನಾನು. ತಪ್ಪು ನನ್ನದು ಅಂತ ನಾನೇ ಬರೆದುಕೊಡುತ್ತೇನೆ," ಎಂದು ಸಹಿ ಹಾಕಿದ.

ಶುಕ್ರವಾರದ ರಜೆ ಮುಗಿದು ಶನಿವಾರ ಶರ್ಮಿಳಾ ಯೂನಿಫಾರ್ಮ್ ಹಾಕಿ ಶಹನಾಳ ಜೊತೆ ಬಸ್ಸು ಹತ್ತಿದಳು. ಆಯಿಷಮ್ಮ ಕಿಟಕಿಯಲ್ಲಿ ನಿಂತು ಬಸ್ಸು ಹೋಗುವವರೆಗೆ ನೋಡಿದರು. ಸೊಸೆಯ ಜೊತೆ ಮಾತು ಮಾತ್ರ ಆಡಲಿಲ್ಲ. ಆ ದಿನ ಮಧ್ಯಾಹ್ನ ನಶೀದಾ ಊರಿಗೆ ಕಳಿಸುವ ಕ್ಯಾಸೆಟ್ಟು ತುಂಬಿಸಲು ಕೂತವಳು, "ಉಮ್ಮಾ, ರಮ್ಜಾನಿಗೆ ಆಗುವುದಿಲ್ಲ..." ಎಂದು ಹೇಳಿ ಟೇಪ್ ನಿಲ್ಲಿಸಿ ಅತ್ತಳು. ಬಾಗಿಲ ಆಚೆ ಆಯಿಷಮ್ಮನವರಿಗೆ ಅದು ಕೇಳಿಸಿತ್ತು.

ಮರುದಿನ ನಸುಕಿನ ಸುಬ್‌ಹಿ ನಮಾಜ್ ಮುಗಿಸಿ ನಶೀದಾ ಅಡುಗೆಮನೆಗೆ ಬಂದರೆ ಆಯಿಷಮ್ಮ ಆಗಲೇ ಹಿಟ್ಟಿನ ಮುಂದೆ ಕೂತಿದ್ದರು. ಒತ್ತಿಟ್ಟ ರೊಟ್ಟಿಗಳು ಬಟ್ಟೆಯ ಮೇಲಿದ್ದವು. ಎಲ್ಲವೂ ಒಂದೇ ಅಳತೆ, ನಶೀದಾ ಮಾಡುವುದಕ್ಕಿಂತ ತೆಳು.

"ದಿನಕ್ಕೆ ಇನ್ನೂರು ಮಾಡುವ," ಆಯಿಷಮ್ಮ ತಲೆ ಎತ್ತದೆ ಹೇಳಿದರು. "ಬಕ್ರೀದಿಗೆ ನೀನು ಊರಿಗೆ ಮುಟ್ಟಬೇಕು. ಆ ಫಾರ್ಮಿನ ಕಾಪಿ ಉಂಟಲ್ಲ, ತಾ. ಅದರಲ್ಲಿ ನಿನ್ನ ಹೆಸರಿನ ಕೆಳಗೆ ಒಂದು ಗೆರೆ ಖಾಲಿ ಉಂಟು. ಅಲ್ಲಿ ನನ್ನ ಹೆಸರು ಬರೆ."

"ಅದು ನಮ್ಮ ಕಾಪಿ ಮಾಮಿ. ಅದನ್ನು ಇನ್ನು ಯಾರೂ ನೋಡುವುದಿಲ್ಲ."

"ನಾನು ನೋಡುತ್ತೇನೆ. ಬರೆ."

ನಶೀದಾ ಕೈ ಒರೆಸಿಕೊಂಡು ಬರೆದಳು. ಆಯಿಷಮ್ಮ. ಕೆಲಸ, ರೊಟ್ಟಿ ಮಾಡುವುದು. ಆಮೇಲೆ ತಮಾಷೆಗೆಂಬಂತೆ ಕೇಳಿದಳು: "ಯಾವಾಗಿನಿಂದ ಅಂತ ಕಾಲಂ ಉಂಟು ಮಾಮಿ. ಇವತ್ತಿನಿಂದ ಅಂತ ಬರೆಯಲಾ?"

ಆಯಿಷಮ್ಮನವರ ಕೈ ಹಿಟ್ಟಿನಲ್ಲೇ ನಿಂತಿತು. "ಇವತ್ತಿನಿಂದ ಅಲ್ಲ. ಫವಾಝ್ ಎರಡನೇ ಕ್ಲಾಸಲ್ಲಿದ್ದ ವರ್ಷದಿಂದ ಅಂತ ಬರೆ. ಅವನ ಬಾಪ ತೀರಿಹೋದ ವರ್ಷ... ಉಳ್ಳಾಲದ ಮನೆಯ ಹಿಂಬಾಗಿಲಲ್ಲಿ ಮಾರುತ್ತಿದ್ದೆ, ಯಾರಿಗೂ ಕಾಣದ ಹಾಗೆ."

ಚಹಾಕ್ಕೆಂದು ಬಂದ ಫವಾಝ್ ಬಾಗಿಲಲ್ಲೇ ನಿಂತಿದ್ದ. "ಮಾಮ ದುಡ್ಡು ಕಳಿಸುತ್ತಾರೆ ಅಂತ ಹೇಳುತ್ತಿದ್ದಿರಲ್ಲ ಉಮ್ಮಾ..."

"ಮಾಮ ಒಂದು ಪೈಸೆ ಕಳಿಸಿಲ್ಲ," ಎಂದರು ಆಯಿಷಮ್ಮ. ಕೆನ್ನೆಯ ಮೇಲಿಂದ ಇಳಿದದ್ದನ್ನು ಒರೆಸೋಣವೆಂದರೆ ಅವರ ಎರಡೂ ಕೈಗೆ ಹಿಟ್ಟು ಮೆತ್ತಿತ್ತು. "ನೀನು ಅಲ್ಲಿ ನಿಲ್ಲಬೇಡ, ಕಾವಲಿ ಬಿಸಿಯಾಯಿತಾ ನೋಡು. ಅವಳು ಸರಿಯಾಗಿ ಬರೆಯಲಿ."

ನಶೀದಾ ಬರೆದಳು.