ಹಿಂದಿನ ಚಕ್ರದ ಗಾಳಿ

ದೀಪ ಹಾಕುವ ಮೊದಲೇ ನನಗೆ ಗೊತ್ತಾಯಿತು. ಕತ್ತಲಲ್ಲೇ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ಒತ್ತಿದೆ. ಹಿಂದಿನ ಚಕ್ರ ಕುಸಿಯಿತು. ರಿಮ್ಮು ನೆಲದ ಕಲ್ಲಿಗೆ ತಾಗಿ ಕಟಕ್ಕೆಂದಿತು.

ಮತ್ತೆ.

ನಿನ್ನೆ ಸಂಜೆ ನಾನೇ ಹೆಬ್ಬೆರಳಿನಿಂದ ಒತ್ತಿ ನೋಡಿದ್ದೆ, ಚಕ್ರ ಕಲ್ಲಿನಂತಿತ್ತು. ಸೈಕಲ್ಲು ನಿಲ್ಲುವುದು ಮನೆಯ ಒಳಗೆ, ಮಹಡಿ ಮೆಟ್ಟಿಲಿನ ಕೆಳಗಿನ ಓಣಿಯಂಥ ಜಾಗದಲ್ಲಿ. ಬೀದಿ ಬಾಗಿಲಿಗೆ ಒಳಗಿನಿಂದ ಅಗುಳಿ. ಹೋಗಿ ನೋಡಿದೆ. ಹಾಕಿದ ಅಗುಳಿ ಹಾಕಿದಂತೆಯೇ ಇತ್ತು.

ಅಂದರೆ ಗಾಳಿ ತೆಗೆದವರು ಹೊರಗಿನಿಂದ ಬಂದಿಲ್ಲ.

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಮತ್ತೆ ಹೋಯ್ತಾ?"

ನಾನು ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತು? ಕಟಕ್ಕೆಂದದ್ದು ಕೇಳಿಸಿರಬಹುದು. ಕೇಳಿಸಿದ್ದೇ ಇರಬೇಕು. ಆದರೂ ಅನುಮಾನ ಹೋಗಲಿಲ್ಲ.

ನನ್ನ ಕೆಲಸ ರಕ್ತ ತೆಗೆಯುವುದು. ಬೆಳಕು ಹರಿಯುವ ಹೊತ್ತಿಗೆ ಪ್ರಯೋಗಾಲಯದ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗಬೇಕು. ಅಲ್ಲಿ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ, ಸಕ್ಕರೆ ಕಾಯಿಲೆಯ ಮುದುಕರು, ಬಸುರಿಯರು. ಕಳೆದ ಸಲ ನಾನು ತಡವಾಗಿ ಹೋದಾಗ ಕಾದು ಕಾದು ಒಬ್ಬಳು ತಲೆಸುತ್ತಿ ಬಿದ್ದಿದ್ದಳು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಪ್ರಯೋಗಾಲಯದವರು ಹೇಳಿಬಿಟ್ಟಿದ್ದರು. ಈ ಸಲ ಆಟೋ ಹಿಡಿದು ಹೇಗೋ ಸುಧಾರಿಸಿದೆ. ಆದರೆ ದಾರಿಯುದ್ದಕ್ಕೂ ನನ್ನನ್ನು ತಿಂದದ್ದು ಕೆಲಸದ ಭಯವಲ್ಲ.

ಈ ಕೆಲಸ ಅಮ್ಮನಿಗೆ ಮೊದಲ ದಿನದಿಂದಲೂ ಬೇಡವಾಗಿತ್ತು. ಕತ್ತಲಲ್ಲಿ ಒಬ್ಬಳೇ ಹೋಗಿ ಕಂಡವರ ಬಾಗಿಲು ಬಡಿಯುವುದು ಯಾವ ಸೀಮೆಯ ಉದ್ಯೋಗ ಎಂದು ಕೇಳಿದ್ದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಜಗಳವಾಡುವ ಅಮ್ಮನ ಜೊತೆ ಬದುಕಬಹುದು. ಮಾತು ನುಂಗಿಕೊಂಡು ತಟ್ಟೆ ಮುಂದಿಡುವ ಅಮ್ಮನ ಜೊತೆ ಕಷ್ಟ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಸೈಕಲ್ಲಿನ ಹತ್ತಿರ ಒಬ್ಬಳೇ ಇರುವವಳೂ ಅವಳೇ.

ಪ್ರಯೋಗಾಲಯದ ಹತ್ತಿರದ ಮಹಿಳಾ ಹಾಸ್ಟೆಲಿನಲ್ಲಿ ಒಂದು ಹಾಸಿಗೆ ಖಾಲಿಯಿತ್ತು. ಸಂಜೆಯೊಳಗೆ ಹೌದು ಅಥವಾ ಇಲ್ಲ ಎನ್ನಬೇಕಿತ್ತು. ಅಮ್ಮನೇ ಇದನ್ನು ಮಾಡುತ್ತಿದ್ದರೆ ನಾನು ಹೊರಡುವವಳೇ. ಹೋದರೆ ಮತ್ತೆ ಈ ಮನೆಗೆ ಮಗಳಾಗಿ ಬರಲಾರೆ, ಅದೂ ಗೊತ್ತಿತ್ತು.

ಕೆಲಸ ಮುಗಿಸಿದವಳೇ ಅತ್ತೆಗೆ ಫೋನ್ ಮಾಡಿದೆ.

ಅತ್ತೆ ಅಪ್ಪನ ಅಕ್ಕ. ವಿಮಾ ಕಂಪನಿಯಲ್ಲಿದ್ದು ನಿವೃತ್ತಳಾದವಳು. ಸುಟ್ಟ ಗೋದಾಮು, ನಜ್ಜುಗುಜ್ಜಾದ ಕಾರುಗಳ ಮುಂದೆ ನಿಂತು, ಇದು ಆದದ್ದೋ ಮಾಡಿದ್ದೋ ಎಂದು ಹೇಳುವುದೇ ಅವಳ ನೌಕರಿಯಾಗಿತ್ತು. ಬಳಗದಲ್ಲಿ ಅವಳಿಗೆ 'ಯಾಕಂತೆ ಅತ್ತೆ' ಎಂದು ಹೆಸರು. ಹಾಲು ಒಡೆಯಿತು ಎಂದರೂ 'ಯಾಕಂತೆ?' ಎನ್ನುವವಳು.

ಮಧ್ಯಾಹ್ನ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಮೆಟ್ಟಿಲಿನ ಕೆಳಗೆ ಹೋದಳು. ಸೈಕಲ್ಲನ್ನು ಮುಟ್ಟಲಿಲ್ಲ. ಸುಮ್ಮನೆ ನೋಡುತ್ತ ನಿಂತಳು.

"ನಿಂಗೆ ಯಾರ ಮೇಲೆ ಅನುಮಾನ?"

"ಮೇಲಿನ ಮನೆ ಟೈಲರ್ ಮೇಲೆ," ಎಂದೆ. ಅವರು ಓಡಾಡುವುದೂ ಇದೇ ಜಾಗದಲ್ಲಿ. ಹ್ಯಾಂಡಲ್ ಬಟ್ಟೆಗಂಟಿಗೆ ಸಿಕ್ಕಿಕೊಳ್ಳುತ್ತದೆಂದು ದಿನಾ ಗೊಣಗುತ್ತಾರೆ. ಮನೆ ತುಂಬ ಸೂಜಿ.

ಅತ್ತೆ ನನ್ನ ಮುಖ ನೋಡಿದಳು. "ಬಾಯಿ ಟೈಲರ್ ಅಂತು. ಕಣ್ಣು ಯಾಕಂತೆ ಅಡುಗೆಮನೆ ಕಡೆ ಹೋಗಿದ್ದು?"

ನಾನು ಸೀಟಿನ ಧೂಳು ಒರೆಸತೊಡಗಿದೆ. ಅವಳು ಒತ್ತಾಯಿಸಲಿಲ್ಲ.

ಟೈಲರನ್ನು ಕೆಳಗೆ ಕರೆದಳು. ಅವರು ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಸೊಂಟ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದರು. ವಿಷಯ ಕೇಳಿ ಅವರಿಗೆ ಸಿಟ್ಟಿಗಿಂತ ನಗುವೇ ಬಂತು.

"ಸೂಜಿ ಅನ್ನ ಕೊಡೋ ತಾಯಿ ಕಣಮ್ಮ. ಅದನ್ನ ಟೈರಿಗೆ ಚುಚ್ಚಿ ಮೊಂಡು ಮಾಡ್ಕೊಂಡು, ನಾಳೆ ನಿಮ್ಮ ಬ್ಲೌಸ್‌ಗೆ ಏನು ಮೊಳೆ ಹೊಡೀಲಾ?"

ಸೈಕಲ್ಲಿನ ಮೇಲೆ ಅವರಿಗೆ ಕೋಪವಿದೆಯೇ ಎಂದು ಅತ್ತೆ ಕೇಳಿದಳು. ಇದೆ ಎಂದು ಒಪ್ಪಿಕೊಂಡರು. ಯಾವತ್ತಾದರೂ ಅದರ ಹ್ಯಾಂಡಲನ್ನು ಗರಗಸದಲ್ಲಿ ಕೊಯ್ಯುವ ಆಸೆಯೂ ಇದೆಯಂತೆ.

"ಇಲ್ಲಿ ನೋಡು," ಎಂದಳು ಅತ್ತೆ ನನಗೆ. "ಮುಂದಿನ ಚಕ್ರ ಮೆಟ್ಟಿಲಿನ ಬಾಯಲ್ಲೇ ಇದೆ. ಯಾರು ಬೇಕಾದ್ರೂ ನಿಂತಲ್ಲೇ ಚುಚ್ಚಬಹುದು. ಹಿಂದಿನದು ನೀರಿನ ಡ್ರಮ್ಮಿಗೂ ಗೋಡೆಗೂ ಮಧ್ಯೆ. ಕುಕ್ಕರಗಾಲಲ್ಲಿ ಕೂತು ಕೈ ತೂರಿಸಬೇಕು. ಪ್ರತಿ ಸಲವೂ ಹಿಂದಿನದೇ ಹೋಗೋದು, ಅಲ್ವಾ?"

"ಹೌದು."

"ಇವರ ಸೊಂಟಕ್ಕೆ ಅದು ಆಗೋ ಮಾತಾ?"

ಟೈಲರ್ ಬಗ್ಗಲು ಪ್ರಯತ್ನಿಸಿ, ಅರ್ಧಕ್ಕೇ 'ಅಯ್ಯಪ್ಪಾ' ಎಂದು ನೆಟ್ಟಗಾಗಿ ತಮ್ಮ ನಿರಪರಾಧಿತ್ವವನ್ನು ಸಾಬೀತುಪಡಿಸಿದರು.

ಅವರು ಮೇಲೆ ಹೋದರು. ಆ ಮನುಷ್ಯ ಅಪರಾಧಿಯಾಗಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ಆಗಲೇ ನನಗೆ ತಿಳಿದದ್ದು. ಇನ್ನು ಉಳಿದವರು ಇಬ್ಬರು.

ಅಪ್ಪ ಪೇಪರ್ ಓದುತ್ತ ಕೂತಿದ್ದರು. ಮನೆಯ ರಿಪೇರಿಯೆಲ್ಲ ಅವರದೇ. ಪಂಕ್ಚರ್ ಹಾಕುವುದನ್ನು ಅಂಗಡಿಯವನಿಗೆ ಕೊಡುವುದು ಅವರ ಮಟ್ಟಿಗೆ ಅವಮಾನ. ಪ್ರತಿ ಸಲವೂ ಟ್ಯೂಬನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ತೇಪೆ ಅಂಟಿಸಿ, ಕೈ ಒರೆಸಿಕೊಂಡು ಎದ್ದು ಹೋಗುತ್ತಿದ್ದರು.

"ಟ್ಯೂಬ್ ಹಳೇದೇನೋ?" ಅತ್ತೆ ಕೇಳಿದಳು.

"ಹಳೇದು ತೇಪೆ ಮೇಲೆ ತೇಪೆಯಾಗಿತ್ತು ಅಂತ ಹೋದ ತಿಂಗಳು ಹೊಸದು ಹಾಕಿದೀನಲ್ಲ ಅಕ್ಕ."

"ಎರಡಕ್ಕೂನಾ?"

"ಹಿಂದಿನದಕ್ಕೆ ಮಾತ್ರ."

"ಹೊಸದು ಹಾಕಿದ ಮೇಲೆ ಶುರುವಾಯ್ತೋ ಈ ಕಾಟ, ಮೊದಲೋ?"

ಅಪ್ಪ ಪೇಪರ್ ಇಳಿಸಿದರು. ನಾನೂ ಯೋಚಿಸಿದೆ. ಹಳೆಯ ಟ್ಯೂಬಿನ ಪಂಕ್ಚರ್‌ಗಳಿಗೆ ಮುಳ್ಳು, ಗಾಜು ಎಂದು ಏನಾದರೊಂದು ಸಾಕ್ಷಿ ಇರುತ್ತಿತ್ತು. ಏನೂ ಸಿಗದ ಪಂಕ್ಚರ್ ಶುರುವಾದದ್ದು ಆಮೇಲೆ. ಹೊಸದರ ಮೇಲೆ ಯಾರಿಗೆ ಅನುಮಾನ ಬರುತ್ತದೆ?

"ಟ್ಯೂಬ್ ತಂದಿದ್ದು ಯಾರು?"

"ನಾನೇ."

"ಯಾವ ಅಂಗಡಿ?"

"ಅದೇ… ಮೂಲೇದು."

"ಯಾವ ಮೂಲೆ?"

"ಅಕ್ಕ, ಇದೇನು ಬೆಂಕಿ ಬಿದ್ದ ಗೋದಾಮಾ?"

"ಡಬ್ಬಿ ಯಾವ ಬಣ್ಣ?"

ಅಪ್ಪ ಮತ್ತೆ ಪೇಪರಿನ ಹಿಂದೆ ಹೋದರು. ಕಿವಿ ಕೆಂಪಗಾಗಿತ್ತು. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಾದರೆ ಈಗ ಯಾಕೆ ಹೇಳುತ್ತಿದ್ದಾರೆ? ಯಾರಿಗಾಗಿ? ಈ ಮನೆಯಲ್ಲಿ ಅಪ್ಪ ಸುಳ್ಳು ಹೇಳಬೇಕಾದರೆ ಅದು ಒಬ್ಬಳಿಗಾಗಿಯೇ.

ಅತ್ತೆಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಚ್ಚಿಟ್ಟಿದ್ದ ಮಾತನ್ನು ಹೇಳಿಬಿಟ್ಟೆ. ಈ ನಡುವೆ ನನಗೆ ಜ್ವರ ಬಂದು ಒಂದು ವಾರ ಮಲಗಿದ್ದೆ. ಆ ವಾರ ಪೂರ್ತಿ ಸೈಕಲ್ಲು ಅದೇ ಜಾಗದಲ್ಲಿ, ಅದೇ ಡ್ರಮ್ಮಿನ ಪಕ್ಕ ನಿಂತಿತ್ತು. ಗಾಳಿ ಹೋಗಲಿಲ್ಲ. ಎದ್ದು ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದೆ, ಎರಡೇ ದಿನಕ್ಕೆ ಚಕ್ರ ಚಪ್ಪಟೆ.

"ನಾನು ಮಲಗಿದ್ದಾಗ ಅವರಿಗೆ ಚುಚ್ಚೋ ಅಗತ್ಯ ಇರಲಿಲ್ಲ ಅತ್ತೆ. ನಾನು ಹೊರಗೆ ಹೋಗಬಾರದು, ಅಷ್ಟೇ ಅವರಿಗೆ ಬೇಕಾಗಿರೋದು."

"ಅವರಿಗೆ ಅಂದ್ರೆ?"

ನಾನು ಅಡುಗೆಮನೆಯ ಕಡೆ ತಿರುಗಿದೆ. ಅತ್ತೆ ನನ್ನ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು. ಒಂದು ಬಕೆಟ್ ನೀರು, ಸ್ವಲ್ಪ ಹತ್ತಿ, ಅಪ್ಪನ ಓದುವ ಕನ್ನಡಕ ತರಲು ಹೇಳಿದಳು.

ಚಕ್ರ ಬಿಚ್ಚಿದೆವು. ಟೈರಿನ ಒಳಗೆಲ್ಲ ಅವಳು ಹತ್ತಿಯನ್ನು ನಿಧಾನವಾಗಿ ಸವರಿದಳು. ಮುಳ್ಳಿನ ಮೊನೆ ಇದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳಬೇಕು. ಸಿಕ್ಕಿಕೊಳ್ಳಲಿಲ್ಲ. ಟೈರನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದಳು, ಒಂದು ತೂತೂ ಇರಲಿಲ್ಲ. ಆಮೇಲೆ ಟ್ಯೂಬಿಗೆ ಗಾಳಿ ತುಂಬಿ ನೀರಿಗೆ ಇಳಿಸಿದಳು. ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬಂದವು. ಅಪ್ಪ ಹಾಕಿದ್ದ ತೇಪೆಗಳ ಪಕ್ಕದಲ್ಲೇ, ಅವುಗಳ ಸಾಲಿನಲ್ಲೇ.

ಅಮ್ಮ ಯಾವಾಗ ಬಂದು ಹಿತ್ತಲ ಬಾಗಿಲಲ್ಲಿ ನಿಂತಳೋ ನಾನು ನೋಡಲಿಲ್ಲ. ಅಪ್ಪನೂ ಅವಳ ಹಿಂದೆ ಬಂದಿದ್ದರು.

"ಯಾರೂ ಚುಚ್ಚಿಲ್ಲ," ಎಂದಳು ಅತ್ತೆ. "ಹೊರಗಿನಿಂದ ಚುಚ್ಚಿದ ಸೂಜಿ ಟೈರನ್ನ ದಾಟದೆ ಟ್ಯೂಬಿಗೆ ಹೋಗೋಕೆ ಅದೇನು ಮಂತ್ರದ ಸೂಜಿಯಾ? ಟೈರಿಗೆ ಗಾಯವೇ ಇಲ್ಲ. ಮತ್ತೆ ಈ ತೂತು ನೋಡು, ದುಂಡಗಿಲ್ಲ. ಕೂದಲಿನ ಹಾಗೆ ಉದ್ದಕ್ಕೆ ಸೀಳಿದೆ. ಎಲ್ಲ ತೇಪೆಗಳೂ ಒಂದೇ ಗೆರೆಯಲ್ಲಿ. ಅದು ಮಡಿಕೆಯ ಗೆರೆ."

ಅವಳು ಅಪ್ಪನ ಕನ್ನಡಕ ಹಾಕಿಕೊಂಡು ಟ್ಯೂಬಿನ ಮೇಲೆ ಒತ್ತಿದ್ದ ಅಂಕಿಗಳನ್ನು ಓದಿದಳು. ಆಮೇಲೆ ಟೈರಿನ ಪಕ್ಕದಲ್ಲಿದ್ದವನ್ನು. ಎರಡರಲ್ಲೂ ಮೊದಲ ಅಂಕಿ ಇಪ್ಪತ್ತಾರು. ಅದು ಚಕ್ರದ ಎತ್ತರ. ಅದರ ಮುಂದಿನ ಅಂಕಿ ದಪ್ಪದ್ದು. ಟೈರಿನದು ಒಂದೂಕಾಲು ಅಂಗುಲದ ಮೇಲೆ ಚೂರು. ಟ್ಯೂಬಿನದು ಎರಡಂಗುಲಕ್ಕೂ ಜಾಸ್ತಿ.

"ದಪ್ಪ ಟೈರಿನ ಟ್ಯೂಬು ಇದು. ಸಣ್ಣ ಟೈರಿನೊಳಗೆ ತುರುಕಿದ್ರೆ ಎಲ್ಲಿಗೆ ಹೋಗತ್ತೆ? ತನ್ನ ಮೇಲೆ ತಾನೇ ಮಡಚಿಕೊಂಡು ಕೂರತ್ತೆ. ಚಕ್ರ ಉರುಳಿದಷ್ಟೂ ಮಡಿಕೆ ಮಡಿಕೆಗೆ ಉಜ್ಜತ್ತೆ, ಸವೆಯತ್ತೆ. ಸಂಜೆ ಕೂದಲಷ್ಟು ಸೀಳು, ಬೆಳಗಾಗೋದ್ರಲ್ಲಿ ಗಾಳಿ ಖಾಲಿ." ನನ್ನ ಕಡೆ ತಿರುಗಿದಳು. "ಜ್ವರದ ವಾರ ನೀನು ಚುಚ್ಚೋ ಕೈಯನ್ನ ನೋಡಿದೆ. ಆ ವಾರ ರಜೆ ಹಾಕಿದ್ದು ಕೈಯಲ್ಲ ಕಣೇ, ಚಕ್ರ. ಉರುಳಲಿಲ್ಲ, ಸವೆಯಲಿಲ್ಲ. ಎಲ್ಲಕ್ಕಿಂತ ದೊಡ್ಡ ಸುಳಿವು ಅದೇ. ನೀನೇ ತಂದು ಕೊಟ್ಟೆ, ನಿಂಗೇ ಕಾಣಲಿಲ್ಲ."

ನನಗೆ ಉಸಿರು ಬಂತು. ಆದರೆ ಅತ್ತೆ ಮುಗಿಸಿರಲಿಲ್ಲ.

"ಇನ್ನು ಟ್ಯೂಬ್ ತಂದವರು. ಇವನಂತೂ ಅಲ್ಲ." ಅಪ್ಪ ಆಕಾಶ ನೋಡಿದರು. "ತಂದಿದ್ದು ನೀನು. ಅಲ್ವೇನೇ?"

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

"ಇಪ್ಪತ್ತಾರು ಅಂತ ಕೇಳಿದೆ ಅತ್ತಿಗೆ. ಅವನು ಸಪೂರದ್ದೊಂದು, ದಪ್ಪದ್ದೊಂದು ಮುಂದಿಟ್ಟ. ಎರಡನ್ನೂ ಹಿಸುಕಿ ನೋಡಿದೆ. ದಪ್ಪಗಿದ್ರೆ ಗಟ್ಟಿ ಅಂತ. ಕತ್ತಲಲ್ಲಿ ದಾರಿ ಮಧ್ಯೆ ಇವಳು ನಿಂತುಬಿಡಬಾರದು ಅಂತ."

"ನೀವು ತಂದಿದ್ದು ಅಂತ ಹೇಳಿ ಅಂದಳು," ಎಂದರು ಅಪ್ಪ ಮೆಲ್ಲಗೆ. "ಯಾಕೆ ಅಂತ ನಾನೂ ಕೇಳಲಿಲ್ಲ."

ಅಮ್ಮ ಅತ್ತೆಯನ್ನೇ ನೋಡುತ್ತ ಕೇಳಿದಳು. "ಇವಳ ಅನುಮಾನ ಯಾರ ಮೇಲಿತ್ತು?"

ಜೀವಮಾನವಿಡೀ ಪ್ರಶ್ನೆ ಕೇಳಿದ ಅತ್ತೆ ಬಕೆಟ್ಟಿನ ನೀರನ್ನು ನೋಡುತ್ತ ಕೂತಳು. ಉತ್ತರ ನಾನೇ ಕೊಡಬೇಕಿತ್ತು.

"ನಿನ್ನ ಮೇಲೆ."

ಅಮ್ಮ ಅಳಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತಳು.

"ಪೂರ್ತಿ ತಪ್ಪಲ್ಲ ಬಿಡು," ಎಂದಳು. "ಹಳೇ ಟ್ಯೂಬ್ ಇದ್ದಾಗ ಒಂದಿನ ಬೆಳಿಗ್ಗೆ ಸೂಜಿ ಹಿಡ್ಕೊಂಡು ಹೋಗಿ ಅದರ ಪಕ್ಕ ಕೂತಿದ್ದೆ. ಒಂದು ದಿನ ಹೋಗದೇ ಇದ್ರೆ ಸಾಕು, ಒಂದು ದಿನ ನಾನು ಹೆದರದೆ ಕಾಫಿ ಕುಡಿದ್ರೆ ಸಾಕು ಅನ್ನಿಸಿತ್ತು."

"ಯಾಕೆ ಚುಚ್ಚಲಿಲ್ಲ?"

"ಚಕ್ರಾನ ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಅಷ್ಟು ದಣಿದು ಬಂದು, ಪಂಪ್ ಹೊಡೆದು ಮಲಗಿದ್ದೀಯಲ್ಲ ಅನ್ನಿಸ್ತು. ಆ ಗಾಳಿ ನಿನ್ನ ಉಸಿರಿನ ಹಾಗೇ ಕಂಡಿತು ನಂಗೆ. ಅವತ್ತೇ ಹೋಗಿ ಟ್ಯೂಬ್ ತಂದೆ. ತಂದವಳು ನಾನು ಅಂದ್ರೆ, ಯಾಕೆ ಅಂತ ಕೇಳ್ತೀಯ. ಯಾಕೆ ಅಂತ ಏನು ಹೇಳಲಿ?"

ಬಕೆಟ್ಟಿನಲ್ಲಿ ಗುಳ್ಳೆಗಳು ಇನ್ನೂ ಬರುತ್ತಿದ್ದವು. ನಾನು ಅಲ್ಲಿಂದಲೇ ಹಾಸ್ಟೆಲಿಗೆ ಫೋನ್ ಮಾಡಿ, ಹಾಸಿಗೆಯನ್ನು ಬೇರೆಯವರಿಗೆ ಕೊಡಬಹುದು ಎಂದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಹೊರಡುವಷ್ಟು ಸಿದ್ಧಳಾಗಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು. ಸೂಜಿಯ ವಿಷಯ ನನಗೆ ತಿಳಿದ ಹಾಗೆಯೇ.

"ನಂಗೆ ಈ ಕೆಲಸ ಇವತ್ತೂ ಇಷ್ಟ ಇಲ್ಲ," ಎಂದಳು. "ಅದು ಗೊತ್ತಿರಲಿ."

"ಗೊತ್ತು."

"ಹಾಗಾದ್ರೆ ಚಪ್ಪಲಿ ಹಾಕ್ಕೋ. ಅಂಗಡಿ ಮುಚ್ಚಿಬಿಟ್ರೆ ನಾಳೆ ಬೆಳಿಗ್ಗೆ ಏನು ಮಾಡ್ತೀಯ?"

ಅಂಕಿಗಳನ್ನು ಬರೆದುಕೊಡುತ್ತೇನೆಂದು ಅತ್ತೆ ಎದ್ದಳು. ಅಮ್ಮ ಕಾಯಲಿಲ್ಲ. ಮಣ್ಣು ಹಿಡಿದ ಟೈರನ್ನೇ ಎತ್ತಿ, ಒಗೆದ ಸೀರೆಯ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದಳು.