ಇಪ್ಪತ್ತು ಸೆಕೆಂಡು

"ಅದು ಸ್ಟೂಲಲ್ಲ."

ಅವಳು ಬೆಚ್ಚಿ ಎದ್ದು ನಿಂತಳು. ಡ್ಯಾನ್ಸ್ ಶಾಲೆಯ ಬಾಗಿಲು ದಾಟಿ ಎರಡು ನಿಮಿಷವೂ ಆಗಿರಲಿಲ್ಲ. ಶೂ ಬಿಚ್ಚೋಣವೆಂದು ಕಣ್ಣಿಗೆ ಬಿದ್ದ ಮರದ ಪೆಟ್ಟಿಗೆಯ ಮೇಲೆ ಕೂತಿದ್ದಳು, ಅಷ್ಟೇ. ತರಗತಿಗೆ ತಾಳ ಕೊಡುವ ವಾದ್ಯವೇ ಅದೆಂದು ಅವಳಿಗೇನು ಕನಸು ಬಿದ್ದಿತ್ತೇ?

"ಕ್ಷಮಿಸಿ... ಗೊತ್ತಾಗ್ಲಿಲ್ಲ."

"ಇದರ ಮೇಲೆ ಕೂತೇ ಬಾರಿಸೋದು. ಆದ್ರೆ ಕೂರೋದು ನಾನೊಬ್ಬನೇ." ಅವನು ಪೆಟ್ಟಿಗೆಯ ಮೇಲೆ ಬಿದ್ದಿದ್ದ ಬಿಳಿ ಪುಡಿಯನ್ನು ಬೆರಳಲ್ಲಿ ಒರೆಸಿ ನೋಡಿದ. "ಗಾರೆ ಕೆಲಸಾನಾ?"

"ಹಲ್ಲಿನ ಕೆಲಸ," ಎಂದಳು ಅವಳು, ತನ್ನ ಹಲ್ಲು ಕಚ್ಚಿಕೊಂಡೇ.

ಅವನು ನಕ್ಕುಬಿಟ್ಟ. ಅವಳ ಕಿವಿಯ ತುದಿಯವರೆಗೂ ಸಿಟ್ಟೇರಿತು. ಮೊದಲ ದಿನವೇ ಎಂಥ ಮನುಷ್ಯನ ಕೈಗೆ ಸಿಕ್ಕಿಕೊಂಡೆನಪ್ಪಾ ಎಂದುಕೊಂಡಳು. ಸಿಟ್ಟು ಬರಿಸಿದ ಆ ನಗು ಮಾತ್ರ ಮನೆಗೆ ಹೋದ ಮೇಲೂ ಕಿವಿಯಲ್ಲೇ ಉಳಿದಿತ್ತು. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಅವಳು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಅದು ಗಟ್ಟಿಯಾಗುವವರೆಗೆ ಟೈಮರ್ ಹಿಡಿದು ಕಾಯುವುದು, ಆಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು. ಕೈ ಅಲುಗಬಾರದು. ಕೈ ಅಲುಗುತ್ತಲೂ ಇರಲಿಲ್ಲ. ಆದರೆ ಮೇಜಿನ ಕೆಳಗೆ ಕಾಲು ಒಂದು ಕ್ಷಣ ಸುಮ್ಮನಿದ್ದರೆ ಕೇಳಿ! ಪಕ್ಕದ ಮೇಜಿನವರು ಎಷ್ಟೋ ಸಲ ಗದರಿದ್ದರು, ಮೇಜು ನಡುಗುತ್ತೆ ತಾಯಿ, ಕಾಲು ಕಟ್ಟಿಹಾಕಿಕೋ ಎಂದು.

ಆ ಕಾಲುಗಳನ್ನು ಅವಳು ಹದಿನೆಂಟನೇ ವಯಸ್ಸಿನಲ್ಲೇ ಕಟ್ಟಿಹಾಕಿದ್ದಳು. ಅಪ್ಪ ಹಾಸಿಗೆ ಹಿಡಿದರು, ಕೆಲಸ ಬೇಕಾಯಿತು, ನೃತ್ಯ ನಿಂತಿತು. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಅವಳಿಗೀಗ ಮೂವತ್ನಾಲ್ಕು. ಊರಿನ ದೊಡ್ಡ ನೃತ್ಯ ತಂಡ ಹೊಸಬರನ್ನು ಮೂವತ್ತೈದು ತುಂಬುವ ಮೊದಲು ಮಾತ್ರ ತೆಗೆದುಕೊಳ್ಳುತ್ತಿತ್ತು. ಸಂಬಳದ ಕೆಲಸ, ದಿನವಿಡೀ ನೃತ್ಯ. ಅದಕ್ಕೆ ಅವಳ ಬಳಿ ಉಳಿದಿದ್ದು ಒಂದೇ ವರ್ಷ. ಇದೊಂದು ಸಿಗದಿದ್ದರೆ ಮುಂದೆ ಜನ್ಮವಿಡೀ ಮೇಣ ಮತ್ತು ಪ್ಲಾಸ್ಟರೇ!

ತರಗತಿಯಲ್ಲಿ ಎಲ್ಲರೂ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಅವಳನ್ನು 'ಆಂಟಿ' ಎಂದು ಕರೆದು, ಅವಳು ತಿರುಗಿ ನೋಡಿದ ಪರಿಗೆ ಹೆದರಿ 'ಅಕ್ಕ' ಎಂದು ಬದಲಿಸಿಕೊಂಡಿದ್ದರು. ಪೆಟ್ಟಿಗೆ ಬಾರಿಸುವವನಿಗೆ ಅವರಿಟ್ಟ ಹೆಸರು 'ಗಡಿಯಾರ'. ಅವನ ತಾಳ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ ಎಂಬುದು ಶಾಲೆಗೆಲ್ಲ ಗೊತ್ತಿದ್ದ ಮಾತು.

ಎಂಟು ತಿಂಗಳು ಕಳೆಯುವಷ್ಟರಲ್ಲಿ ತಂಡದಿಂದ ಪರೀಕ್ಷೆಯ ಹಾಳೆ ಬಂತು. ಅದರಲ್ಲಿ ಹೆಜ್ಜೆಗಳು ಮತ್ತು ಎಣಿಕೆ ಇದ್ದವು, ಕೊನೆಯಲ್ಲಿ 'ಸರಿಯಾಗಿ ಮೂರು ನಿಮಿಷ' ಎಂದು ಬರೆದಿತ್ತು. ಟೀಚರ್ ಹೆಜ್ಜೆ ಹೇಳಿಕೊಟ್ಟರು. ತರಗತಿ ಮುಗಿದ ಮೇಲೆ ದಿನಾ ಅರ್ಧ ಗಂಟೆ ಅವಳು ಮತ್ತು ಗಡಿಯಾರ ಇಬ್ಬರೇ ಅಭ್ಯಾಸಕ್ಕೆ ನಿಲ್ಲತೊಡಗಿದರು.

ಆ ಅರ್ಧ ಗಂಟೆಗೋಸ್ಕರ ಅವಳು ಬೆಳಗಿನಿಂದ ಚಡಪಡಿಸುತ್ತಿದ್ದಳು. ನೃತ್ಯಕ್ಕೋ, ಅವನಿಗೋ? ಕೇಳಿದ್ದರೆ ಅವಳಿಗೂ ಉತ್ತರ ಗೊತ್ತಿರಲಿಲ್ಲ. ಒಮ್ಮೆ ಅವಳ ಬಲ ಮಂಡಿ ಊದಿಕೊಂಡಾಗ ಅವನು ಮಾತಿಲ್ಲದೆ ಹೋಗಿ ಐಸ್ ತಂದು, ಕರವಸ್ತ್ರದಲ್ಲಿ ಸುತ್ತಿ ಕೈಗಿತ್ತಿದ್ದ. ಆ ಕರವಸ್ತ್ರವನ್ನು ಅವಳು ತೊಳೆದು ಇಸ್ತ್ರಿ ಮಾಡಿದ್ದಳು. ವಾಪಸ್ ಕೊಡಲು ಮಾತ್ರ ಏಕೋ ನೆನಪೇ ಆಗಿರಲಿಲ್ಲ.

ಲ್ಯಾಬಿನಲ್ಲೂ ಹೆಜ್ಜೆ ನೆನೆಯಲೆಂದು ಅವನ ತಾಳವನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅದನ್ನು ಅಳೆದು ನೋಡುವ ಯೋಚನೆಯೇ ಅವಳಿಗೆ ಬರಲಿಲ್ಲ. ಗಡಿಯಾರವೇ ಎದುರಿಗಿರುವಾಗ ಟೈಮರ್ ಯಾಕೆ?

ಪರೀಕ್ಷೆಯಲ್ಲಿ ತಂಡದವರ ವಾದ್ಯವಿತ್ತು. ಬೇಕಾದವರು ತಮ್ಮವರನ್ನೂ ಕರೆತರಬಹುದಿತ್ತು, ಆದರೆ ಅವನಿಗೆ ಅಂದು ತರಗತಿ ಇತ್ತು. ತಾಳ ಶುರುವಾದ ನಾಲ್ಕನೇ ಎಣಿಕೆಗೇ ಅವಳ ಹೆಜ್ಜೆ ಹಿಂದುಳಿಯಿತು. ಇದೇನು ಇಷ್ಟು ವೇಗ? ಪ್ರತಿ ತಿರುವಿನಲ್ಲೂ ಅವಳು ಹಿಂದೆ ಬಿದ್ದಳು. ಸಂಗೀತ ಮುಗಿದು ನಿಂತಾಗ ಅವಳ ಕೈ ಇನ್ನೂ ಗಾಳಿಯಲ್ಲಿತ್ತು.

ತಂಡದ ಮುಖ್ಯಸ್ಥೆ ಕೆಟ್ಟದಾಗಿ ಮಾತಾಡಲಿಲ್ಲ. ನಿಮ್ಮಲ್ಲಿ ಕಲೆ ಇದೆ, ವೇಗವಿಲ್ಲ, ಎರಡು ವಾರಕ್ಕೆ ಕೊನೆಯ ಸುತ್ತಿದೆ, ಮನಸ್ಸಿದ್ದರೆ ಬನ್ನಿ ಎಂದರು.

ವಯಸ್ಸಾಯಿತು ನನಗೆ, ಅಷ್ಟೇ... ಎಂದುಕೊಂಡು ಮರುದಿನ ಪ್ಲಾಸ್ಟರ್ ಸುರಿದು ಕೂತಳು. ಕೈಯಲ್ಲಿ ಟೈಮರ್. ಅದನ್ನು ಒತ್ತಿದವಳೇ, ಸುಮ್ಮನೆ ಕೂರಲಾಗದೆ ಫೋನಿನಲ್ಲಿ ಅವನ ತಾಳವನ್ನೂ ಹಾಕಿದಳು. ತಾಳ ನಿಂತಾಗ ಅಭ್ಯಾಸಬಲದಿಂದ ಟೈಮರ್ ನಿಲ್ಲಿಸಿ ನೋಡಿದಳು.

ಮೂರು ನಿಮಿಷ ಇಪ್ಪತ್ತು ಸೆಕೆಂಡು!

ಇನ್ನೊಮ್ಮೆ ಹಾಕಿದಳು. ಮತ್ತೊಮ್ಮೆ. ಅದೇ ಇಪ್ಪತ್ತು ಸೆಕೆಂಡು ಹೆಚ್ಚು. ಅಷ್ಟರಲ್ಲಿ ಪ್ಲಾಸ್ಟರ್ ಅಚ್ಚಿಗೇ ಕಚ್ಚಿಕೊಂಡು ಕಲ್ಲಾಗಿತ್ತು, ಅದನ್ನು ಒಡೆದು ತೆಗೆಯಬೇಕಾಯಿತು.

ಸಂಜೆ ಅವಳು ಫೋನನ್ನೂ ಟೈಮರನ್ನೂ ಅವನ ಪೆಟ್ಟಿಗೆಯ ಮೇಲಿಟ್ಟಳು.

"ಯಾಕೆ?"

ಅವನು ನೋಡಿದ. ಅರ್ಥವಾಯಿತು. ಮುಖ ಬಿಳಿಚಿಕೊಂಡಿತು.

"ನಿಮ್ಮ ಮಂಡಿ ಊದಿತ್ತಲ್ಲ... ಅವತ್ತಿಂದ ಸ್ವಲ್ಪ ನಿಧಾನ ಮಾಡಿದೆ. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ..."

"ಕನಿಕರ ತೋರಿಸಿ ಅಂತ ನಾನು ಕೇಳಿದ್ನಾ? ನನ್ನ ಕೈಲಿ ಆಗಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲಲಿಲ್ಲ. ಹೇಳಬೇಕಾದ್ದನ್ನು ಹೇಳಬೇಕಾದಾಗ ಹೇಳದ ಗಂಡಸರಿಗೆ ಏನನ್ನಬೇಕೋ!

ಮುಂದಿನ ಹತ್ತು ದಿನ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಮನೆಯ ಹಜಾರದ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಫೋನಿನ ಟಕ್ ಟಕ್ ಸದ್ದಿಗೆ ಅಭ್ಯಾಸ ಮಾಡಿದಳು. ಊಟ ಸೇರಲಿಲ್ಲ, ಕೂತರೆ ಕೂರಲಾಗಲಿಲ್ಲ. ಅಮ್ಮ ಮೂಲೆಯಲ್ಲಿ ಕೂತು ಮೂರು ದಿನ ನೋಡಿದರು. ನಾಲ್ಕನೇ ದಿನ ಎದ್ದು ಬಂದು ಟೈಮರ್ ಕೈಗೆ ತೆಗೆದುಕೊಂಡರು.

"ಇಲ್ಲಿ ಕೊಡು, ನಾನು ನೋಡ್ತೀನಿ. ಅಪ್ಪ ಮಲಗಿದಾಗ ನೀನು ಕುಣಿಯೋದು ಬಿಟ್ಟೆ. ಬಿಡು ಅಂತ ನಾನು ಹೇಳ್ಲಿಲ್ಲ. ಬಿಡಬೇಡ ಅಂತಾನೂ ಹೇಳ್ಲಿಲ್ಲ. ಹದಿನಾರು ವರ್ಷದಿಂದ ಅದು ನನ್ನ ಗಂಟಲಲ್ಲೇ ಇದೆ ಮಗಳೇ."

ಅವಳು ಅಮ್ಮನ ಭುಜಕ್ಕೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಬೆನ್ನು ಸವರಿದರು, ಆಮೇಲೆ ಅತ್ತಿದ್ದು ಸಾಕು, ಶುರು ಮಾಡು ಎಂದರು. ಅಮ್ಮನಂಥ ಕಟ್ಟುನಿಟ್ಟಿನ ಮೇಲ್ವಿಚಾರಕಿ ಯಾವ ತಂಡದಲ್ಲೂ ಇರಲಿಕ್ಕಿಲ್ಲ. ವಾರ ಕಳೆಯುವಷ್ಟರಲ್ಲಿ ನೃತ್ಯ ಮೂರು ನಿಮಿಷಕ್ಕೆ ಬಂದು ನಿಂತಿತು.

"ಸರಿಯಾಗಿದೆ," ಎಂದರು ಅಮ್ಮ. "ಆದ್ರೆ ಹಲ್ಲು ಕೀಳಿಸ್ಕೊಳ್ಳೋಕೆ ಹೋದವಳ ಹಾಗಿದೆ ನಿನ್ನ ಮುಖ."

ಅವಳಿಗೂ ಗೊತ್ತಿತ್ತು. ಫೋನು ಟಕ್ ಟಕ್ ಎನ್ನುತ್ತದೆ, ನೋಡುವುದಿಲ್ಲ. ಅವನು ನೋಡುತ್ತಿದ್ದ. ಅವಳ ಭುಜ ಎತ್ತ ತಿರುಗುತ್ತದೆಂದು ಅವಳಿಗಿಂತ ಮೊದಲು ಅವನ ಕೈಗೆ ತಿಳಿಯುತ್ತಿತ್ತು. ಸಿಟ್ಟು ಇನ್ನೂ ಇತ್ತು. ಅವನಿಲ್ಲದೆ ಆಗದು ಎಂಬುದೂ ಇತ್ತು. ಎರಡೂ ಸೇರಿ ಅವಳನ್ನು ಮರುದಿನ ಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿದವು.

"ನಾಡಿದ್ದು ಕೊನೆ ಸುತ್ತು. ಬಾರಿಸ್ತೀರಾ?"

ಅವನು ತಟ್ಟನೆ ಎದ್ದು ನಿಂತ.

"ಒಂದು ಷರತ್ತು. ನಾನು ಬಿದ್ರೂ ಸರಿ, ಒಂದು ಸೆಕೆಂಡೂ ನಿಧಾನ ಮಾಡಬಾರ್ದು."

"ಮಾಡಲ್ಲ." ಅವನು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಅವತ್ತು ನನ್ನಿಂದ ನಿಮಗೆ ಅನ್ಯಾಯ ಆಯ್ತು."

ಪರೀಕ್ಷೆಯ ದಿನ ಮೊದಲೆರಡು ನಿಮಿಷ ಅವಳಿಗೆ ನೆಲವೇ ನೆನಪಿರಲಿಲ್ಲ. ತಾಳ ವೇಗವಾಗಿತ್ತು, ಅವಳೂ ವೇಗವಾಗಿದ್ದಳು. ಕೊನೆಯ ತಿರುವುಗಳಿಗೆ ಬರುತ್ತಲೇ ಬಲ ಮಂಡಿಯಲ್ಲಿ ಚಳಕ್ಕೆಂದು ನೋವು ಹೊಡೆಯಿತು. ಕಣ್ಣು ಕತ್ತಲಿಟ್ಟಿತು. ಅವಳು ಅವನತ್ತ ನೋಡಿದಳು.

ಅವನಿಗೆ ಗೊತ್ತಾಗಿತ್ತು. ಕಣ್ಣು ತುಂಬಿ ಬಂದಿತ್ತು, ತುಟಿ ಕಚ್ಚಿಕೊಂಡಿದ್ದ.

ನಿಧಾನ ಮಾಡಿಬಿಡ್ತಾನಾ? ಬೇಡ... ದಯವಿಟ್ಟು ಬೇಡ...

ಅವನ ಕೈ ನಿಧಾನವಾಗಲಿಲ್ಲ. ಕೂದಲೆಳೆಯಷ್ಟೂ ಇಲ್ಲ. ನೀನು ಬರ್ತೀಯ, ನನಗೆ ಗೊತ್ತು ಎನ್ನುವಂತೆ ತಾಳ ಮುಂದೆ ಹೋಗುತ್ತಲೇ ಇತ್ತು. ಅವಳು ಹಲ್ಲು ಕಚ್ಚಿ ಆ ತಾಳದ ಹಿಂದೆ ಓಡಿದಳು, ಹಿಡಿದಳು, ಕೊನೆಯ ಬಡಿತಕ್ಕೆ ಸರಿಯಾಗಿ ಎರಡೂ ಪಾದ ಊರಿ ನಿಂತಳು.

ಮುಖ್ಯಸ್ಥೆ ಗೋಡೆಯ ಗಡಿಯಾರ ನೋಡಿದರು. ಅರ್ಧ ಗಂಟೆ ಹೊರಗೆ ಕಾಯಿಸಿ ಒಳಗೆ ಕರೆದು, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕೆಲಸಕ್ಕೆ ಬನ್ನಿ, ಮಂಡಿಯನ್ನು ನಮ್ಮ ಡಾಕ್ಟರಿಗೆ ತೋರಿಸಿ ಎಂದರು.

ಅವಳು ಮೊದಲು ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಅತ್ತರು, ಇವಳೂ ಅತ್ತಳು.

ಹೊರಗಿನ ಓಣಿಯಲ್ಲಿ ಅವನು ಪೆಟ್ಟಿಗೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವಳ ಮುಖ ನೋಡಿದೊಡನೆ ವಿಷಯ ತಿಳಿಯಿತು. ನಗಲು ಹೋದ, ಆಗಲಿಲ್ಲ.

"ನಿಮ್ಮ ನೋವು ನೋಡ್ಕೊಂಡು ಬಾರಿಸೋದು... ಇಂಥ ಕಷ್ಟ ನಾನು ಪಟ್ಟಿರ್ಲಿಲ್ಲ."

"ಗೊತ್ತಾಯ್ತು. ಅದಕ್ಕೇ ಬೀಳದೆ ನಿಂತೆ ನಾನು."

"ಇನ್ನೊಂದು ಹೇಳ್ಬೇಕು. ಮಂಡಿ ಒಂದು ವಾರದಲ್ಲಿ ವಾಸಿಯಾಗಿತ್ತು. ಆಮೇಲೂ ನಿಧಾನ ಮಾಡಿದ್ದು ಕನಿಕರಕ್ಕಲ್ಲ. ನನ್ನ ಸ್ವಾರ್ಥಕ್ಕೆ." ಅವನು ತಲೆ ಎತ್ತಿದ. "ನೀವು ಕುಣಿಯೋದು ಬೇಗ ಮುಗಿದುಹೋಗ್ತಿತ್ತು. ಮುಗಿದ ತಕ್ಷಣ ಚೀಲ ಎತ್ಕೊಂಡು ಹೋಗ್ಬಿಡ್ತಿದ್ರಿ. ದಿನಕ್ಕೆ ಇಪ್ಪತ್ತು ಸೆಕೆಂಡು ಜಾಸ್ತಿ ನೋಡೋಣ ಅಂತ... ಕದ್ದೆ. ಅದು ನಿಮ್ಮದು ಅಂತ ಯೋಚನೆ ಮಾಡ್ಲಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ."

ಇಷ್ಟು ದಿನ ಚಡಪಡಿಸುತ್ತಿದ್ದ ಅವಳ ಕಾಲುಗಳು ಈಗ ತಾವಾಗಿಯೇ ಸುಮ್ಮನಿದ್ದವು. ಚೀಲದಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ಅವನ ಕೈಗಿಟ್ಟಳು.

"ಇದನ್ನ ನಾನೂ ಕದ್ದಿದ್ದೆ. ಲೆಕ್ಕ ಚುಕ್ತಾ. ಇನ್ಮೇಲೆ ಕದಿಯೋದು ಬೇಡ. ಬೇಕಾದ್ರೆ ಕೇಳಿ."

"ಎಷ್ಟು ಕೇಳ್ಬಹುದು?"

ಅವಳು ಅವನನ್ನು ಭುಜದಿಂದ ಮೆಲ್ಲಗೆ ತಳ್ಳಿ, ಪೆಟ್ಟಿಗೆಯ ಅರ್ಧದಲ್ಲಿ ತಾನೂ ಕೂತಳು.

"ಅದು ಸ್ಟೂಲಲ್ಲ," ಎಂದ ಅವನು, ಜಾಗ ಬಿಡುತ್ತಾ.

"ಗೊತ್ತು," ಎಂದು ಅವಳು ಅವನ ಹೆಗಲಿಗೆ ತಲೆಯಾನಿಸಿದಳು. "ಸುಮ್ನೆ ಕೂತ್ಕೊಳ್ಳಿ."